ರಿಟರ್ನ್ ಗಡುವು ಮುಗಿದರೆ ಹಕ್ಕೂ ಮುಗಿಯಿತೇ?

ಮೇ ತಿಂಗಳ ಕೊನೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ನನ್ನ ಪರಿಚಯದ ಕೃಷಿಕರೊಬ್ಬರು ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಸುತ್ತು ಮದ್ದು ಬಿಟ್ಟು ಮುಗಿಸಬೇಕೆಂದು ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟುಕೊಂಡಿದ್ದರು. ಸಿಂಪಡಣೆಯ ಪಂಪು ಹದಿನೈದು ದಿನ ಮೊದಲೇ ಬಂದಿತ್ತು. ಆನ್‌ಲೈನ್‌ನಲ್ಲಿ ರಿಯಾಯಿತಿ ಇದ್ದಾಗ ತರಿಸಿ, ಪೆಟ್ಟಿಗೆ ಬಿಚ್ಚದೆ ಅಟ್ಟದ ಮೇಲೆ ಇಟ್ಟಿದ್ದರು. ಮದ್ದು ಕದಡಿದ ದಿನ ಪೆಟ್ಟಿಗೆ ಇಳಿಯಿತು. ಪಂಪು ಓಡಿತು, ಬೇಕಾದಷ್ಟು ಸದ್ದನ್ನೂ ಮಾಡಿತು. ದ್ರಾವಣ ಮಾತ್ರ ಮರದ ಅರ್ಧಕ್ಕಿಂತ ಮೇಲೆ ಏರಲಿಲ್ಲ. ಮಾರಾಟದ ಪುಟದಲ್ಲಿ ಅರುವತ್ತು ಅಡಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆ್ಯಪ್ ತೆರೆದು ನೋಡಿದರೆ ಬೂದು ಬಣ್ಣದ ಒಂದೇ ಸಾಲು: "ರಿಟರ್ನ್ ಅವಧಿ ಮುಗಿದಿದೆ." ಗಡುವು ಏಳು ದಿನವಿತ್ತಂತೆ.

"ಇನ್ನು ಬಿಡಿ, ಹೋದದ್ದು ಹೋಯಿತು" ಎಂದರು ಅವರು. ಬದಿಯಡ್ಕ ಪೇಟೆಯ ಅಂಗಡಿಯಲ್ಲಿ ಕೊಂಡಿದ್ದರೆ ಹೀಗೆ ಬಿಡುವ ಜನ ಅಲ್ಲ. ಪಂಪನ್ನು ಜೀಪಿಗೆ ಹಾಕಿಕೊಂಡು ಹೋಗಿ, ಅಂಗಡಿಯವರ ಎದುರೇ ಇಳಿಸಿ, ಚಾ ಕುಡಿದು, ಬೇರೆ ಪಂಪು ಹಿಡಿದುಕೊಂಡು ಬರುತ್ತಿದ್ದರು. ಮುಖ ಕಾಣದ ಅಂಗಡಿಯ ಎದುರು ಮನುಷ್ಯ ಇಷ್ಟು ಬೇಗ ಸೋಲೊಪ್ಪುವುದೇಕೆ ಎಂದು ಯೋಚಿಸಿದಾಗ ನನಗೆ ತೋಚಿದ್ದು ಇದು: ಆ ಬೂದು ಸಾಲನ್ನು ನಾವು ಕಾನೂನು ಎಂದುಕೊಳ್ಳುತ್ತೇವೆ. ಅದು ಕಾನೂನಲ್ಲ, ಕಂಪನಿ ತಾನೇ ಬರೆದುಕೊಂಡ ಅಂಗಡಿಯ ನಿಯಮ. ಕಾನೂನಿನ ಗಡುವು ಬೇರೆಯೇ ಇದೆ, ಅದು ಬಹಳ ದೊಡ್ಡದು.

ನಮ್ಮ ಎದುರಿಗೆ ಇರುವವರು ಯಾರು?

ಕುಂಬಳೆ ಬೆಡಿಗೆ, ಅಂದರೆ ಅಲ್ಲಿನ ದೇವಸ್ಥಾನದ ಜಾತ್ರೆಗೆ, ಹೋದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಂತೆಯ ಜಾಗ ಒಬ್ಬರದು, ಅಲ್ಲಿ ಬಳೆಯೋ ಪಾತ್ರೆಯೋ ಮಾರುವವರು ಇನ್ನೊಬ್ಬರು. ಹೆಚ್ಚಿನ ದೊಡ್ಡ ಆನ್‌ಲೈನ್ ತಾಣಗಳೂ ಹೀಗೆಯೇ: ತಾಣ ಜಾಗ ಕೊಡುತ್ತದೆ, ಮಾರುವವರು ಬೇರೆ. ಕೆಲವು ತಾಣಗಳು ತಮ್ಮದೇ ಸರಕನ್ನು ತಾವೇ ಮಾರುವುದೂ ಉಂಟು. ನಿಮ್ಮ ಬಿಲ್ಲಿನಲ್ಲಿ "ಮಾರಾಟಗಾರ" ಎಂದು ಯಾರ ಹೆಸರಿದೆಯೋ ಅವರು ಅಂಗಡಿಯವರು. ವಸ್ತುವಿನ ಮೇಲೆ ಹೆಸರು ಅಚ್ಚಾಗಿರುವವರು ತಯಾರಕರು. ಪಾರ್ಸೆಲ್ ತಂದುಕೊಟ್ಟ ಹುಡುಗ ಇವರಾರೂ ಅಲ್ಲ. ಅವನೊಡನೆ ಜಗಳವಾಡಿ ಪ್ರಯೋಜನವಿಲ್ಲ.

2020ರ ಜುಲೈಯಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳು ಈ ಎಲ್ಲರ ಹೊಣೆಯನ್ನು ಹಂಚಿಕೊಟ್ಟಿವೆ. ಮಾರಾಟಗಾರರ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇವನ್ನು ತಾಣ ಕಾಣುವಂತೆ ತೋರಿಸಬೇಕು. ಖರೀದಿಯ ನಂತರ ನೀವು ಲಿಖಿತವಾಗಿ ಕೇಳಿದರೆ ಮಾರಾಟಗಾರರ ಪ್ರಧಾನ ಕಚೇರಿಯ ವಿಳಾಸ, ಇಮೇಲ್ ಸಹಿತ ಹೆಚ್ಚಿನ ವಿವರ ಕೊಡಬೇಕು. ದೂರಿಗೆ ಒಂದು ಸಂಖ್ಯೆ ಕೊಟ್ಟು, ಅದರ ಸ್ಥಿತಿ ತಿಳಿಯಲು ದಾರಿ ಮಾಡಬೇಕು. "ನಾವು ಬರೇ ವೇದಿಕೆ, ಮಾರಿದವರನ್ನು ಕೇಳಿ" ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಯಾರನ್ನು ಕೇಳಬೇಕು ಎಂದಾದರೂ ಹೇಳಲೇಬೇಕು.

ಎಂಥದ್ದು ದೋಷ, ಎಂಥದ್ದು ಅಲ್ಲ

ಸೀರೆಯ ಬಣ್ಣ ಮನೆಯವರಿಗೆ ಹಿಡಿಸಲಿಲ್ಲ ಎನ್ನುವುದು ದೋಷವಲ್ಲ. ಅದು ಮನಸ್ಸು ಬದಲಾದದ್ದು. ಅಂಥ ವಸ್ತುವನ್ನು ಹಿಂಪಡೆಯುವುದು ತಾಣದ ಔದಾರ್ಯ. ಏಳು ದಿನ, ಹತ್ತು ದಿನ ಎಂಬ ಗಡುವು ಅಲ್ಲಿ ಪೂರ್ತಿಯಾಗಿ ಅನ್ವಯಿಸುತ್ತದೆ.

ನಾಲ್ಕು ಸಂದರ್ಭಗಳಲ್ಲಿ ಮಾತ್ರ ಮಾರಾಟಗಾರ ವಸ್ತುವನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ ಎಂದು ಅದೇ ನಿಯಮಗಳು ಹೇಳುತ್ತವೆ. ವಸ್ತುವಿನಲ್ಲಿ ದೋಷ ಅಥವಾ ಕೊರತೆ ಇದ್ದರೆ, ಅದು ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ. ಕೊನೆಯದಕ್ಕೆ ನೆರೆ, ಗುಡ್ಡ ಕುಸಿತದಂಥ ಯಾರ ಕೈಯಲ್ಲೂ ಇಲ್ಲದ ಕಾರಣಗಳ ವಿನಾಯಿತಿ ಇದೆ.

ಪೆರ್ಲದ ಪಂಪು ಮೂರನೆಯ ಬಗೆಯದು. ಅದು ಕೆಟ್ಟಿರಲಿಲ್ಲ, ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅರುವತ್ತು ಅಡಿ ಎಂದು ಹೇಳಿ ಇಪ್ಪತ್ತೈದು ಅಡಿಯದನ್ನು ಕೊಟ್ಟರೆ, ಮಾತಿಗೆ ತಕ್ಕ ಮಾಲು ಕೊಡಲಿಲ್ಲ ಎಂದೇ ಅರ್ಥ. ಇದನ್ನು "ಪಂಪು ಸರಿ ಇಲ್ಲ" ಎಂದು ಬರೆದರೆ ದೂರು ದುರ್ಬಲವಾಗುತ್ತದೆ. "ಮಾರಾಟದ ಪುಟದಲ್ಲಿ ಹೀಗೆ ಹೇಳಿದ್ದೀರಿ, ವಾಸ್ತವ ಹೀಗಿದೆ" ಎಂದು ಬರೆದರೆ ಗಟ್ಟಿಯಾಗುತ್ತದೆ. "ಹಿಂದಿರುಗಿಸಲಾಗದ ವಸ್ತು" ಎಂಬ ಮುದ್ರೆ ಇದ್ದರೂ ಅಷ್ಟೇ. ಆ ಮುದ್ರೆ ಮನಸ್ಸು ಬದಲಾದವರಿಗೆ ನಡೆಯುತ್ತದೆ, ದೋಷ ಕಂಡವರಿಗೆ ನಡೆಯುವುದಿಲ್ಲ.

ಒಂದರ ಹಿಂದೆ ಒಂದು, ಮೂರು ಗಡುವುಗಳು

ಗೊಂದಲ ಹುಟ್ಟುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ತಾಣದ ರಿಟರ್ನ್ ಅವಧಿ. ಇದರೊಳಗೆ ಆ್ಯಪ್‌ನ ಒಂದು ಗುಂಡಿ ಒತ್ತಿದರೆ ಸಾಕು, ಹೆಚ್ಚಿನ ವಾದ ಬೇಕಾಗುವುದಿಲ್ಲ. ಹೊಳೆಗೆ ಸಂಕ ಇರುವಾಗಲೇ ದಾಟಿದ ಹಾಗೆ. ಕೆಲವು ಎಲೆಕ್ಟ್ರಾನಿಕ್ ವಸ್ತುಗಳಿಗೆ ಈ ಅವಧಿಯಲ್ಲೂ ಹಣ ಮರಳಿಸುವುದಿಲ್ಲ, ಬದಲಿ ವಸ್ತು ಮಾತ್ರ ಎಂದಿರುತ್ತದೆ. ಕೊಳ್ಳುವ ಮೊದಲು ಆ ಸಾಲನ್ನು ಓದಬೇಕು.

ಎರಡನೆಯದು ವಾರಂಟಿ. ಇದು ಸಾಮಾನ್ಯವಾಗಿ ತಯಾರಕರ ಮಾತು: ಇಷ್ಟು ತಿಂಗಳೊಳಗೆ ಕೆಟ್ಟರೆ ದುರಸ್ತಿ ಮಾಡಿಕೊಡುತ್ತೇವೆ ಎಂದು. ಇಲ್ಲಿ ಹಣ ವಾಪಸಾಗುವುದು ಅಪರೂಪ. ನಮ್ಮಲ್ಲಿ ಇನ್ನೊಂದು ಕಷ್ಟ ಇದೆ: ಎಷ್ಟೋ ಕಂಪನಿಗಳ ಸರ್ವಿಸ್ ಸೆಂಟರ್ ಹತ್ತಿರವೆಂದರೆ ಮಂಗಳೂರಿನಲ್ಲಿ, ಆದರೆ ಆ್ಯಪ್ ನಮ್ಮ ಪಿನ್‌ಕೋಡ್ ನೋಡಿ, ಕೇರಳ ಎಂದು ತಿಳಿದು, ಕಣ್ಣೂರನ್ನೋ ಕೋಯಿಕ್ಕೋಡನ್ನೋ ತೋರಿಸುತ್ತದೆ. ಹೊಸಂಗಡಿಯವರಿಗೆ ತಲಪಾಡಿ ದಾಟಿದರೆ ಮಂಗಳೂರು ಎಂಬ ಭೂಗೋಳ ಅದಕ್ಕೆ ತಿಳಿಯದು. ವಾರಂಟಿ ದೇಶವಿಡೀ ನಡೆಯುವಂಥದ್ದಾದರೆ ಬಿಲ್ಲಿನ ಪ್ರತಿ ಹಿಡಿದು ಮಂಗಳೂರಿಗೆ ಹೋಗಲು ಅಡ್ಡಿಯಿಲ್ಲ. ಕಂಪನಿಗೆ ಫೋನ್ ಮಾಡಿ ಕೇಳಿಕೊಂಡು ಹೊರಟರೆ ಬಸ್ಸಿನ ಖರ್ಚು ಉಳಿಯುತ್ತದೆ.

ಮೂರನೆಯದು ಕಾನೂನಿನ ಗಡುವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಹುಟ್ಟಿದಲ್ಲಿಂದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಏಳು ದಿನವಲ್ಲ, ಎರಡು ವರ್ಷ.

ಹಾಗೆಂದು ಮೊದಲ ಗಡುವಿಗೆ ಬೆಲೆಯೇ ಇಲ್ಲ ಎಂದು ತಿಳಿಯಬಾರದು. ದೋಷದ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸಿದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ. ಅಂದರೆ ಬಿಲ್ಲಿನ ಅವಧಿಯೊಳಗೆ ದೂರಿದವರ ಕೈಯಲ್ಲಿ ಒಂದು ಅಸ್ತ್ರ ಹೆಚ್ಚು ಇರುತ್ತದೆ. ಅವಧಿ ಮೀರಿದವರು "ವಸ್ತುವಿನಲ್ಲೇ ದೋಷವಿತ್ತು" ಎಂಬ ದಾರಿಯಲ್ಲಿ ಹೋಗಬೇಕು, ದೋಷ ನಾವು ಬಳಸಿ ಮಾಡಿದ್ದಲ್ಲ, ಬರುವಾಗಲೇ ಇತ್ತು ಎಂದು ತೋರಿಸಬೇಕು. ಆದ್ದರಿಂದ ಅಟ್ಟದ ಮೇಲೆ ಇಡುವ ಅಭ್ಯಾಸ ಒಳ್ಳೆಯದಲ್ಲ. ಬಂದ ದಿನವೇ ಬಿಚ್ಚಿ, ಒಮ್ಮೆ ಓಡಿಸಿ ನೋಡಿ, ಮತ್ತೆ ಕಟ್ಟಿಟ್ಟರಾಯಿತು.

ಪಾರ್ಸೆಲ್ ಬಂದ ದಿನ

ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ: ಹೊರಗಿನ ವಿಳಾಸದ ಚೀಟಿ ಕಾಣುವಂತೆ ಶುರು ಮಾಡಿ, ಅಂಟುಪಟ್ಟಿ ಕತ್ತರಿಸಿ, ವಸ್ತುವಿನ ಕ್ರಮಸಂಖ್ಯೆ ತೋರಿಸುವವರೆಗೆ, ನಡುವೆ ಎಲ್ಲೂ ನಿಲ್ಲಿಸದೆ. ಮೊಬೈಲು ತರಿಸಿದವರಿಗೆ ಪೆಟ್ಟಿಗೆಯಲ್ಲಿ ಸಾಬೂನಿನ ಬಿಲ್ಲೆ ಸಿಕ್ಕಿದ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ಅಂಥ ವೇಳೆ ಈ ವಿಡಿಯೊ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ. ಮಾರಾಟದ ಪುಟದ ಚಿತ್ರವನ್ನೂ ತೆಗೆದಿಡಿ. ಪುಟ ನಾಳೆ ಬದಲಾಗಬಹುದು. ಅರುವತ್ತು ಅಡಿ ಎಂಬ ಆ ಮಾತು ಪೆರ್ಲದವರ ಮೊಬೈಲಿನಲ್ಲಿ ಉಳಿದದ್ದು ಅವರ ಮಗಳು ಅಂದು ಅದನ್ನು ಅಮ್ಮನಿಗೆ ವಾಟ್ಸ್ಆ್ಯಪ್ ಮಾಡಿದ್ದರಿಂದ ಮಾತ್ರ.

ರಟ್ಟಿನ ಪೆಟ್ಟಿಗೆಯನ್ನು ರಿಟರ್ನ್ ಅವಧಿ ಮುಗಿಯುವವರೆಗಾದರೂ ಎಸೆಯಬಾರದು. ನಮ್ಮ ಜೂನ್, ಜುಲೈಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಜಗಲಿಯಲ್ಲಿಟ್ಟ ರಟ್ಟು ನಾಲ್ಕು ದಿನದಲ್ಲಿ ಬೂಸಲು ಹಿಡಿಯುತ್ತದೆ. ಒಲೆಯ ಹತ್ತಿರದ ಅಟ್ಟವೇ ಅದಕ್ಕೆ ಸರಿಯಾದ ಜಾಗ, ಅದರೊಳಗೆ ಇರಬೇಕಾದ ಪಂಪಿಗಲ್ಲ.

ಗಲ್ಫಿನಿಂದ ಮಗ ತರಿಸಿದ ಮಿಕ್ಸಿ

ಉಪ್ಪಳ, ಮಂಜೇಶ್ವರದ ಕಡೆ ಇದು ದಿನನಿತ್ಯದ ಸಂಗತಿ. ಮಗ ದುಬೈಯಲ್ಲಿ ಕುಳಿತು ತನ್ನ ಖಾತೆಯಿಂದ ಅಮ್ಮನಿಗೆ ಮಿಕ್ಸಿ ಕಳುಹಿಸುತ್ತಾನೆ. ಎರಡು ತೆಂಗಿನಕಾಯಿ ಅರೆಯುವಷ್ಟರಲ್ಲಿ ಸುಟ್ಟ ವಾಸನೆ. ದುಡ್ಡು ಕೊಟ್ಟದ್ದು ಮಗ, ಬಳಸಿದ್ದು ಅಮ್ಮ, ಗ್ರಾಹಕ ಯಾರು? ಇಬ್ಬರೂ. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ, ಆದ್ದರಿಂದ ಅಮ್ಮ ಸ್ವತಃ ದೂರು ಕೊಡಬಹುದು. ಆದರೆ ಆ್ಯಪ್‌ನ ಲೆಕ್ಕದಲ್ಲಿ ಖಾತೆ ಮಗನದು. ರಿಟರ್ನ್ ಕೋರಿಕೆ ಅವನೇ ಹಾಕಬೇಕು, ಓಟಿಪಿ ಅವನಿಗೆ ಬರುತ್ತದೆ, ಹಣವೂ ಅವನ ಕಾರ್ಡಿಗೇ ಮರಳುತ್ತದೆ. ಪಾರ್ಸೆಲ್ ಹಿಂದೆ ಒಯ್ಯುವ ಹುಡುಗ ಅಂಗಳದಲ್ಲಿ ನಿಂತಿರುವಾಗ ಮಗ ನಿದ್ದೆಯಲ್ಲಿರದಂತೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕೃಷಿಕರಿಗೂ ಇಂಥದೇ ಒಂದು ಸಂಶಯ ಇರುತ್ತದೆ. ಅಡಿಕೆ ಮಾರುತ್ತೇವಲ್ಲ, ಹಾಗಾದರೆ ಪಂಪು ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದಾಗಲಿಲ್ಲವೇ? ಆಗುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸುವುದಕ್ಕಾಗಿಯೇ ಕೊಂಡು ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ. ಆದರೆ ಹತ್ತು ಪಂಪು ತರಿಸಿ ಲಾಭಕ್ಕೆ ಮರುಮಾರಾಟ ಮಾಡುವವರು ಗ್ರಾಹಕರಲ್ಲ.

ಹಿಂದೆ ಕಳುಹಿಸುವಾಗ

ಕೋರಿಕೆ ಹಾಕಿದ ಮೇಲೆ ಕೆಲವೊಮ್ಮೆ ತಂತ್ರಜ್ಞರು ಬಂದು ನೋಡುತ್ತಾರೆ, ಕೆಲವೊಮ್ಮೆ ನೇರವಾಗಿ ಪಾರ್ಸೆಲ್ ಒಯ್ಯುವವರು ಬರುತ್ತಾರೆ. ಒಯ್ಯುವವರು ವಸ್ತು, ಅದರ ಜೊತೆಗಿದ್ದ ಚಿಲ್ಲರೆ ಭಾಗಗಳು, ಕ್ರಮಸಂಖ್ಯೆ ಇವನ್ನು ತಾಳೆ ನೋಡುತ್ತಾರೆ. ಒಂದು ಜಾರಿನ ಮುಚ್ಚಳ ಕಡಿಮೆಯಾದರೂ ಹಿಂದೆ ಹೋಗುವುದುಂಟು. ಕೊಟ್ಟ ಮೇಲೆ ರಶೀದಿಯೋ ಸಂದೇಶವೋ ಬಂದಿದೆಯೇ ಎಂದು ಅವರು ಗೇಟು ದಾಟುವ ಮೊದಲೇ ನೋಡಿಕೊಳ್ಳಿ. ಮೊಬೈಲನ್ನು ಹಿಂದಿರುಗಿಸುವುದಾದರೆ ಅದರಿಂದ ನಿಮ್ಮ ಖಾತೆ, ಬೀಗ, ಚಿತ್ರಗಳನ್ನು ತೆಗೆದು ಕೊಡಬೇಕು.

"ನಿಮ್ಮ ಪಿನ್‌ಕೋಡಿನಲ್ಲಿ ಪಿಕಪ್ ಸೌಲಭ್ಯ ಇಲ್ಲ" ಎಂಬ ಉತ್ತರ ಒಳನಾಡಿನವರಿಗೆ ಹೊಸದಲ್ಲ. ತಂದುಕೊಡಲು ಇದ್ದ ದಾರಿ ಒಯ್ಯಲು ಇಲ್ಲವಾಗುವುದು ವಿಚಿತ್ರ, ಆದರೂ ಆಗುತ್ತದೆ. ಆಗ ನೀವೇ ಅಂಚೆಯಲ್ಲಿ ಕಳುಹಿಸಲು ಹೇಳುತ್ತಾರೆ. ಸ್ಪೀಡ್ ಪೋಸ್ಟ್ ಮಾಡಿ, ರಶೀದಿಯನ್ನು ಇಟ್ಟುಕೊಂಡು, ಖರ್ಚು ಕೊಡುತ್ತೀರಾ ಎಂದು ಮೊದಲೇ ಲಿಖಿತವಾಗಿ ಕೇಳಿ. ಕೆಲವು ತಾಣಗಳು ಒಂದು ಮಿತಿಯವರೆಗೆ ಕೊಡುತ್ತವೆ.

ಹಣ ಮರಳಿ ಬರುವ ದಾರಿ

ಸಾಮಾನ್ಯ ಕ್ರಮವೆಂದರೆ ಹಣ ಹೋದ ದಾರಿಯಲ್ಲೇ ಹಿಂದೆ ಬರುವುದು. ಯುಪಿಐಯಲ್ಲಿ ಕೊಟ್ಟದ್ದು ಆ ಬ್ಯಾಂಕ್ ಖಾತೆಗೆ, ಕಾರ್ಡಿನಲ್ಲಿ ಕೊಟ್ಟದ್ದು ಕಾರ್ಡಿಗೆ. ತಾಣ "ಹಣ ಕಳುಹಿಸಿದ್ದೇವೆ" ಎಂದ ದಿನವೇ ಖಾತೆಯಲ್ಲಿ ಕಾಣಿಸಬೇಕೆಂದಿಲ್ಲ, ನಡುವೆ ಬ್ಯಾಂಕುಗಳಿವೆ. ವಾರ ಕಳೆದರೂ ಬಾರದಿದ್ದರೆ ಆ ಪಾವತಿಯ ಉಲ್ಲೇಖ ಸಂಖ್ಯೆಯನ್ನು ತಾಣದಿಂದ ಕೇಳಿ ಪಡೆದು ಬ್ಯಾಂಕಿಗೆ ಕೊಡಿ. ಸಂಖ್ಯೆ ಇದ್ದರೆ ಹಣ ಎಲ್ಲಿ ನಿಂತಿದೆ ಎಂದು ಬ್ಯಾಂಕಿನವರು ಹುಡುಕಬಲ್ಲರು, ಇಲ್ಲದಿದ್ದರೆ ಕೌಂಟರಿನಿಂದ ಕೌಂಟರಿಗೆ ಅಲೆದಾಟ. ಪಾರ್ಸೆಲ್ ಬಂದಾಗ ನಗದು ಕೊಟ್ಟಿದ್ದರೆ ಹಿಂದೆ ಬರಲು ದಾರಿಯೇ ಇರುವುದಿಲ್ಲವಾದ್ದರಿಂದ ನಿಮ್ಮ ಬ್ಯಾಂಕ್ ಖಾತೆಯ ವಿವರವನ್ನು ಆ್ಯಪ್ ಕೇಳುತ್ತದೆ. ತಾಣದ್ದೇ ವಾಲೆಟಿಗೆ ಹಾಕಲೇ ಎಂದು ಕೇಳಿದರೆ ಯೋಚಿಸಿ ಒಪ್ಪಿ; ಆ ಹಣದಲ್ಲಿ ಮತ್ತೆ ಅಲ್ಲೇ ಕೊಳ್ಳಬೇಕಾಗುತ್ತದೆ.

ವಂಚಕರು ಕಾದು ಕುಳಿತಿರುವುದೂ ಇದೇ ಘಟ್ಟದಲ್ಲಿ. ಗಾಬರಿಯಲ್ಲಿ ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಎಂದು ಹುಡುಕಿ ಸಿಕ್ಕಿದ ಸಂಖ್ಯೆಗೆ ಫೋನ್ ಮಾಡಿದರೆ, ಆ ಕಡೆಯವರು ಬಹಳ ವಿನಯದಿಂದ ಮಾತನಾಡಿ, ಒಂದು ಆ್ಯಪ್ ಹಾಕಿಸಿ, ಅಥವಾ ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಲು ಹೇಳುತ್ತಾರೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಡ. ಸಂಖ್ಯೆಯನ್ನು ಆ್ಯಪ್‌ನ ಒಳಗಿನಿಂದಲೋ ಪೆಟ್ಟಿಗೆಯ ಮೇಲಿನ ಮುದ್ರಣದಿಂದಲೋ ತೆಗೆದುಕೊಳ್ಳಿ. ಮೋಸಹೋದದ್ದು ತಿಳಿದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಮಾತು ಕೇಳದಿದ್ದರೆ ಮುಂದೇನು?

ಆ್ಯಪ್‌ನ ಚಾಟ್‌ನಲ್ಲಿ ಉತ್ತರಿಸುವುದು ಹೆಚ್ಚಾಗಿ ಯಂತ್ರ. ಅದರೊಡನೆ ಮೂರು ದಿನ ವಾದ ಮಾಡಿ ಬಳಲುವ ಬದಲು ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. ಪ್ರತಿಯೊಂದು ತಾಣವೂ ಇಂಥ ಅಧಿಕಾರಿಯನ್ನು ನೇಮಿಸಿ, ಹೆಸರು ಮತ್ತು ವಿಳಾಸವನ್ನು ಪ್ರಕಟಿಸಬೇಕು. ಪುಟದ ಕಟ್ಟಕಡೆಗೆ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಇರುತ್ತದೆ. ದೂರು ತಲುಪಿದ 48 ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಉದ್ದ ಪುರಾಣ ಬೇಡ: ಏನು ಕೊಂಡಿರಿ, ಯಾವಾಗ, ಎಷ್ಟಕ್ಕೆ, ಏನು ದೋಷ, ಏನು ಬೇಕು. ಜೊತೆಗೆ ಬಿಲ್, ವಿಡಿಯೊ, ಮಾರಾಟದ ಪುಟದ ಚಿತ್ರ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಇಲ್ಲಿ 17 ಭಾಷೆಗಳಲ್ಲಿ ದೂರು ಹೇಳಬಹುದು, ಅದರಲ್ಲಿ ಕನ್ನಡವೂ ಇದೆ. ಸರಕಾರಿ ಕಾಗದ ಬಂದಾಗಲೆಲ್ಲ ಮಲಯಾಳ ಓದಬಲ್ಲ ನೆರೆಮನೆಯ ಹುಡುಗನನ್ನು ಕರೆಯುವ ನಮ್ಮವರಿಗೆ ಇದು ಸಣ್ಣ ಸಮಾಧಾನವೇನಲ್ಲ. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಹೊರಡಿಸುವುದಿಲ್ಲ. ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ. ನಮ್ಮ ಕಡೆ ಊರಿನ ಹಿರಿಯರೊಬ್ಬರು ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುವ ಹಾಗೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹೆಸರು ಕೇಳಿ ಹೆದರಬೇಕಾಗಿಲ್ಲ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ, ಸ್ವತಃ ವಾದಿಸಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಲು ಸಾಧ್ಯವಿದೆ. ವಿಚಾರಣೆಯನ್ನೂ ವಿಡಿಯೊ ಮೂಲಕ ನಡೆಸುವಂತೆ ಕೇಳಿಕೊಳ್ಳಬಹುದು. ದೋಷ ತೆಗೆದುಕೊಡಿ, ಬೇರೆ ವಸ್ತು ಕೊಡಿ, ಬಡ್ಡಿ ಸಹಿತ ಹಣ ಮರಳಿಸಿ, ನಷ್ಟ ತುಂಬಿಕೊಡಿ ಎಂದೆಲ್ಲ ಆಯೋಗ ಆದೇಶಿಸಬಲ್ಲದು. ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಅಗತ್ಯವಿಲ್ಲದಿದ್ದರೆ ಮೂರು ತಿಂಗಳೊಳಗೆ, ಇದ್ದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಕಾಗದದ ಮೇಲಿನ ತಿಂಗಳಿಗೂ ವಾಸ್ತವದ ತಿಂಗಳಿಗೂ ಅಂತರ ಇರಬಹುದೆಂದು ಎಣಿಸಿಯೇ ಹೊರಡುವುದು ಜಾಣತನ.

ಗಡಿಯ ಈಚೆ, ಗಡಿಯ ಆಚೆ

ಮಾರಾಟಗಾರರು ಸೂರತ್‌ನಲ್ಲಿ, ತಾಣದ ಕಚೇರಿ ಬೆಂಗಳೂರಿನಲ್ಲಿ, ನಾವು ಬಾಯಾರಿನಲ್ಲಿ. ಯಾವ ಊರಿನ ಆಯೋಗಕ್ಕೆ ಹೋಗಬೇಕು? 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರ ಊರನ್ನೋ ದೂರಿನ ಕಾರಣ ಹುಟ್ಟಿದ ಊರನ್ನೋ ಹಿಡಿಯಬೇಕಿತ್ತು. 2019ರ ಕಾಯ್ದೆ ದೂರುದಾರರು ವಾಸಿಸುವ ಅಥವಾ ಸ್ವತಃ ದುಡಿಯುವ ಸ್ಥಳದಲ್ಲೇ ದೂರು ಕೊಡಬಹುದು ಎಂದು ಸೇರಿಸಿತು. ಬಾಯಾರಿನವರಿಗೆ ಕಾಸರಗೋಡಿನ ಆಯೋಗ ಸಾಕು, ಸೂರತ್ತಿನವರೇ ಉತ್ತರ ಕೊಡಬೇಕು.

"ದುಡಿಯುವ" ಎಂಬ ಆ ಒಂದು ಶಬ್ದ ನಮಗೆ ವಿಶೇಷವಾಗಿ ಉಪಯೋಗದ್ದು. ಮಂಜೇಶ್ವರದಿಂದ ದಿನಾ ಬೆಳಗ್ಗೆ ಮಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು ಎಷ್ಟಿಲ್ಲ? ಅವರು ಮನೆ ಇರುವ ಕಾಸರಗೋಡು ಜಿಲ್ಲೆಯಲ್ಲೂ ದೂರು ಕೊಡಬಹುದು, ಕೆಲಸ ಇರುವ ದಕ್ಷಿಣ ಕನ್ನಡದಲ್ಲೂ ಕೊಡಬಹುದು. ಎರಡರಲ್ಲಿ ಯಾವುದು ಅನುಕೂಲವೋ ಅದು. ಪಾರ್ಸೆಲ್ ಬೇಗ ಬರಲೆಂದು ಗಡಿಯಾಚೆ ತೊಕ್ಕೊಟ್ಟಿನ ಭಾವನ ಮನೆಯ ವಿಳಾಸ ಕೊಟ್ಟವರೂ ಕಂಗೆಡಬೇಕಾಗಿಲ್ಲ, ನೋಡುವುದು ಪಾರ್ಸೆಲ್ ಇಳಿದ ಮನೆಯನ್ನು ಮಾತ್ರವಲ್ಲ, ನಿಮ್ಮ ವಾಸವನ್ನೂ. ಆದರೆ ಪಿಕಪ್ ಹುಡುಗ ಬರುವುದು ಭಾವನ ಮನೆಗೇ. ಪಂಪನ್ನು ಮತ್ತೆ ಅಲ್ಲಿಗೆ ಹೊತ್ತುಕೊಂಡು ಹೋಗಬೇಕು.

ಪೆರ್ಲದವರ ವಿಷಯ ಆಯೋಗದವರೆಗೆ ಹೋಗಲಿಲ್ಲ. ಕುಂದುಕೊರತೆ ಅಧಿಕಾರಿಗೆ ಬರೆದ ಮೊದಲ ಇಮೇಲಿಗೆ "ಅವಧಿ ಮುಗಿದಿದೆ" ಎಂಬ ಅದೇ ಉತ್ತರ ಬಂತು. 1915ಕ್ಕೆ ಹೇಳಿ, ದೂರಿನ ಸಂಖ್ಯೆ ಸಹಿತ ಎರಡನೆಯ ಸಲ ಬರೆದಾಗ ಮಾರಾಟದ ಪುಟದ ಚಿತ್ರ ಮತ್ತೊಮ್ಮೆ ಕೇಳಿದರು. ಮಗಳ ವಾಟ್ಸ್ಆ್ಯಪ್ ಅಲ್ಲಿ ಕೆಲಸಕ್ಕೆ ಬಂತು. ಮೂರನೆಯ ವಾರ ಪಂಪು ಹೋಯಿತು, ಹಣ ಬಂತು. ಆ ವರ್ಷದ ಮೊದಲ ಮದ್ದನ್ನು ಅವರು ನೆರೆಯವರ ಪಂಪು ಎರವಲು ತಂದು ಬಿಟ್ಟಿದ್ದರು. ಎರಡನೆಯ ಸುತ್ತಿಗೆ ಬದಿಯಡ್ಕ ಪೇಟೆಯಿಂದಲೇ ಒಂದನ್ನು ಕೊಂಡರು, ಅಂಗಡಿಯ ಅಂಗಳದಲ್ಲೇ ಓಡಿಸಿ ನೋಡಿ.